ಹಿತ್ತಿಲ ಬೆಳೆಯೂ ಪೀಠದ ಕಾಣಿಕೆಯೂ

(ಇಗರ್ಜಿಯ ಶತಮಾನೋತ್ಸವದ ಅಂಗವಾಗಿ, ತೆನೆಹಬ್ಬದ ಪೂರ್ವಸಂಜೆ ಇಗರ್ಜಿಯ ಅಂಗಳದಲ್ಲಿ ಕೂಡಿದ ಸಭೆಯಲ್ಲಿ ವಿಚಾರಣಾ ಗುರುಗಳು ನೀಡಿದ ಭಾಷಣ)



ನೂರು ವರುಷಗಳನ್ನು ಪೂರೈಸಿದ ಈ ದೇವಾಲಯದ ಕುರಿತು ಈ ವಾರವಿಡೀ ಹಲವು ಮಂದಿ ಮಾತನಾಡಿದ್ದಾರೆ. ಗೋಪುರವನ್ನು ಕಟ್ಟಿಸಿದವರು ಯಾರು, ಗಂಟೆಯನ್ನು ತರಿಸಿದವರು ಯಾರು, ಪೀಠವನ್ನು ಕಡೆದ ಶಿಲ್ಪಿ ಯಾವ ಊರಿನವನು ಎಂಬುದೆಲ್ಲವೂ ಈ ಸಂಚಿಕೆಯಲ್ಲಿ ದಾಖಲಾಗುತ್ತಿದೆ. ಅದು ಯೋಗ್ಯವೇ ಸರಿ. ಆದರೆ ಯಾವ ಶಿಲಾಫಲಕದಲ್ಲಿಯೂ ಕೆತ್ತಿರದ ಒಂದು ಸಂಗತಿಯನ್ನು ಕುರಿತು ಈ ಸಂಜೆ ನಾಲ್ಕು ಮಾತುಗಳನ್ನಾಡಲು ನಾವು ಇಚ್ಛಿಸುತ್ತೇವೆ. ಈ ಗೋಡೆಗಳ ಮುರಕಲ್ಲನ್ನು ಹೊತ್ತವರು ಮಧ್ಯಾಹ್ನ ಏನನ್ನು ಉಂಡರು? ಆ ಅನ್ನ ಎಲ್ಲಿಂದ ಬಂತು? ಹಿರಿಯರು ಹೇಳುವ ಪ್ರಕಾರ, ಪ್ರತಿದಿನವೂ ಅಕ್ಕಿಯನ್ನು ತೊಳೆಯುವ ಮೊದಲು ಮನೆಯೊಡತಿ ಒಂದು ಹಿಡಿಯಷ್ಟನ್ನು ಬೇರೆ ಮಡಕೆಗೆ ಹಾಕುತ್ತಿದ್ದಳು. ಆದಿತ್ಯವಾರ ಆ ಮಡಕೆ ಇಗರ್ಜಿಗೆ ಬರುತ್ತಿತ್ತು. ಅದರ ಜೊತೆಗೆ ಒಂದು ಸೌತೆಕಾಯಿ, ಒಂದು ಕಟ್ಟು ಹರಿವೆ, ಒಂದು ತೆಂಗಿನಕಾಯಿ. ನೂರು ವರುಷಗಳ ಹಿಂದಿನ ನಮ್ಮ ಜನರಲ್ಲಿ ಹಣವಿರಲಿಲ್ಲ, ಹಿತ್ತಿಲು ಇತ್ತು. ಈ ಇಗರ್ಜಿ ಎದ್ದದ್ದು ಹಿತ್ತಿಲಿನಿಂದ.

ಆದುದರಿಂದ ನಮ್ಮ ಇಂದಿನ ವಿಷಯ, ಮನೆಯಲ್ಲಿ ಬೆಳೆದ ಆಹಾರ ಮತ್ತು ಅದನ್ನು ಹಂಚಿಕೊಳ್ಳುವ ಧರ್ಮ.

ಪವಿತ್ರ ಗ್ರಂಥ ತೆರೆದುಕೊಳ್ಳುವುದೇ ಒಂದು ತೋಟದಲ್ಲಿ. ಆದಿಮಾನವನನ್ನು ದೇವರು ತೋಟದಲ್ಲಿ ಇರಿಸಿದ್ದು ಸುಮ್ಮನೆ ಕುಳಿತುಣ್ಣಲಿಕ್ಕಲ್ಲ; ಅದನ್ನು ವ್ಯವಸಾಯ ಮಾಡಿ ಕಾಯಲಿಕ್ಕೆ. ಪಾಪ ಪ್ರವೇಶಿಸುವುದಕ್ಕೆ ಮೊದಲೇ ದುಡಿಮೆ ಇತ್ತೆಂಬುದನ್ನು ಗಮನಿಸಬೇಕು. ಮಣ್ಣಿನ ಕೆಲಸ ಶಿಕ್ಷೆಯಲ್ಲ, ಅದು ಮನುಷ್ಯನ ಮೊದಲ ವೃತ್ತಿ. ಪುನರುತ್ಥಾನದ ಬೆಳಗಿನಲ್ಲಿ ಮಗ್ದಲದ ಮರಿಯಳು ಪ್ರಭುವನ್ನು ತೋಟಗಾರನೆಂದು ಭಾವಿಸಿದಳೆಂದು ಸಂತ ಯೊವಾನ್ನರು ಬರೆಯುತ್ತಾರೆ. ಅವಳದು ಪೂರಾ ತಪ್ಪು ಎಣಿಕೆಯೆಂದು ನಮಗೆ ತೋರುವುದಿಲ್ಲ.

ಮೋಶೆಯ ಧರ್ಮಶಾಸ್ತ್ರದಲ್ಲಿ ಇನ್ನೊಂದು ವಿಧಿ ಇದೆ. ಹೊಲವನ್ನು ಕೊಯ್ಯುವಾಗ ಅಂಚಿನವರೆಗೂ ಕೊಯ್ಯಬಾರದು, ಉದುರಿದ ತೆನೆಯನ್ನು ಹೆಕ್ಕಬಾರದು, ದ್ರಾಕ್ಷಿಯ ತೋಟದಲ್ಲಿ ಬಿದ್ದ ಹಣ್ಣನ್ನು ಕೂಡಿಸಬಾರದು. ಅವು ಬಡವನಿಗೂ ಪರದೇಶಿಗೂ ಸೇರಿದವು. ಇಲ್ಲಿ ಒಂದು ಸೂಕ್ಷ್ಮವಿದೆ. ಮಾಲಿಕನು ತೆನೆಯನ್ನು ತಾನೇ ಕೊಯ್ದು, ಕಟ್ಟಿ, ಬಡವನನ್ನು ಕರೆದು, ಎಲ್ಲರೆದುರು ಅವನ ಕೈಗಿಡಬೇಕೆಂದು ವಿಧಿ ಹೇಳುವುದಿಲ್ಲ. ಅಂಚನ್ನು ಬಿಟ್ಟುಬಿಡು, ಅವನೇ ಬಂದು ಕೊಯ್ದುಕೊಳ್ಳಲಿ ಎನ್ನುತ್ತದೆ. ಅದು ಭಿಕ್ಷೆಯಲ್ಲ, ಪಾಲು. ರೂತಳು ಬೋವಜನ ಹೊಲದಲ್ಲಿ ಹಕ್ಕಲಾಯ್ದದ್ದು ಹಾಗೆಯೇ. ವಿದೇಶಿಯಳಾದ ಆ ವಿಧವೆಯ ವಂಶದಲ್ಲಿಯೇ ದಾವೀದನೂ ಅನಂತರ ಪ್ರಭು ಕ್ರಿಸ್ತರೂ ಹುಟ್ಟಿಬಂದರು. ಈ ಸೂಕ್ಷ್ಮವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾವು ಅದನ್ನು ಕಲಿತದ್ದು ಪುಸ್ತಕದಿಂದಲ್ಲ, ನಮ್ಮದೇ ಒಂದು ತಪ್ಪಿನಿಂದ. ಅದನ್ನು ಮುಂದೆ ಹೇಳುತ್ತೇವೆ.

ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ಬರೆದ ಮಠದ ನಿಯಮಾವಳಿಯಲ್ಲಿ ಮಠದ ಆವರಣದೊಳಗೆ ನೀರು, ಬೀಸುವ ಯಂತ್ರ ಮತ್ತು ಕೈತೋಟ ಇರಬೇಕೆಂಬ ಸೂಚನೆ ಇದೆ. ಪ್ರಾರ್ಥನೆಗೂ ತೋಟಕ್ಕೂ ವೈರವಿಲ್ಲವೆಂದು ಆ ಮಹಾತ್ಮರು ಬಲ್ಲವರಾಗಿದ್ದರು. 1622ರಲ್ಲಿ ಸಂತ ಇಗ್ನೇಷಿಯಸ್, ಸಂತ ಫ್ರಾನ್ಸಿಸ್ ಜೇವಿಯರ್, ಸಂತ ತೆರೇಸಾ ಮುಂತಾದ ಮಹಾಮಹಿಮರನ್ನು ಸಂತ ಪದವಿಗೇರಿಸಿದ ಅದೇ ದಿನ, ಮ್ಯಾಡ್ರಿಡ್ ಪ್ರಾಂತ್ಯದ ಒಬ್ಬ ಕೂಲಿ ರೈತನನ್ನೂ ಧರ್ಮಸಭೆ ಅವರ ಸಾಲಿನಲ್ಲಿಯೇ ನಿಲ್ಲಿಸಿತು. ಅವರೇ ರೈತ ಸಂತ ಇಸಿದೋರ್. ಅವರು ಗ್ರಂಥ ಬರೆದವರಲ್ಲ, ಸಭೆ ಸ್ಥಾಪಿಸಿದವರಲ್ಲ; ಪರರ ಹೊಲವನ್ನು ಉತ್ತವರು. ಪೋಪ್ ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ಎಂಬ ವಿಶ್ವಪತ್ರದಲ್ಲಿ, ನಾವು ಎಸೆಯುವ ಆಹಾರವನ್ನು ಬಡವನ ಮೇಜಿನಿಂದ ಕದ್ದ ಆಹಾರವೆಂದೇ ತಿಳಿಯಬೇಕೆಂದು ಎಚ್ಚರಿಸಿದರು.

ಇನ್ನು ನಮ್ಮ ನಾಡಿಗೆ ಬರೋಣ. ನಾಳೆ ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನನದ ಹಬ್ಬ. ನಮ್ಮ ಮನೆಗಳಲ್ಲಿ ಇದನ್ನು ಮೊಂತಿ ಫೆಸ್ತ್ ಎನ್ನುತ್ತೇವೆ. ಕನ್ನಡದಲ್ಲಿ ತೆನೆಹಬ್ಬ, ತುಳುವಿನಲ್ಲಿ ಕುರಲ್ ಪರ್ಬ. ನೇತ್ರಾವತಿಯ ದಡದ ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ 1763ರಲ್ಲಿ ವಂದನೀಯ ಜೋಕಿಂ ಮಿರಾಂಡಾ ಎಂಬ ಗೋವೆಯ ಗುರುಗಳು ಈ ಆಚರಣೆಯನ್ನು ಆರಂಭಿಸಿದರೆಂದು ಚರಿತ್ರೆ ಹೇಳುತ್ತದೆ. ಅನಂತರ 1784ರಿಂದ 1799ರವರೆಗಿನ ಶ್ರೀರಂಗಪಟ್ಟಣದ ಸೆರೆವಾಸದ ಕಾಲ ಬಂತು. ಹೊಲಗಳು ಬೀಡುಬಿದ್ದವು, ಮನೆಗಳು ಬರಿದಾದವು. ಬದುಕುಳಿದು ಮರಳಿದವರು ಮತ್ತೆ ಬಿತ್ತಿದರು. ಮತ್ತೆ ತೆನೆಯನ್ನು ಮಾತೆಯ ಪಾದದಲ್ಲಿರಿಸಿದರು. ನಾಳೆ ನೀವು ಹಿಡಿಯುವ ತೆನೆ ಹಗುರವಾದದ್ದೆಂದು ತಿಳಿಯಬೇಡಿ.

ಹಬ್ಬದ ಊಟದ ಕ್ರಮವನ್ನು ನೀವೆಲ್ಲರೂ ಬಲ್ಲಿರಿ. ಆಶೀರ್ವದಿಸಿದ ತೆನೆಯ ಕಾಳನ್ನು ಸುಲಿದು, ಪುಡಿಮಾಡಿ, ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ, ಮನೆಯ ಹಿರಿಯರು ಪ್ರತಿಯೊಬ್ಬರಿಗೂ ಕೊಡುತ್ತಾರೆ. ತೊಟ್ಟಿಲ ಕೂಸಿಗೂ ಒಂದು ಹನಿ, ಹಾಸಿಗೆ ಹಿಡಿದ ಅಜ್ಜಿಗೂ ಒಂದು ಹನಿ. ಆ ದಿನ ಮೀನಿಲ್ಲ, ಮಾಂಸವಿಲ್ಲ. ಬೆಸಸಂಖ್ಯೆಯ ತರಕಾರಿ ಪದಾರ್ಥಗಳು, ಎಲ್ಲವೂ ಬಾಳೆಯೆಲೆಯ ಮೇಲೆ. ದೂರದಲ್ಲಿರುವ ಮಕ್ಕಳಿಗೆ ಒಣಗಿದ ಕಾಳನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುತ್ತಿದ್ದ ತಾಯಂದಿರು ಈ ಸಭೆಯಲ್ಲಿಯೇ ಇದ್ದಾರೆ. ನಮ್ಮ ಹಿಂದೂ ಬಾಂಧವರು ಕದಿರನ್ನು ತಂದು ಮನೆಯ ಕಂಬಕ್ಕೂ ಕಣಜಕ್ಕೂ ಕಟ್ಟಿ ಹೊಸ ಅಕ್ಕಿಯನ್ನುಣ್ಣುವ ಸಂಪ್ರದಾಯವೂ ಇದರ ಸೋದರಿಯೇ. ಹೊಸ ಕಾಳನ್ನು ಒಬ್ಬನೇ ತಿನ್ನಬಾರದೆಂಬುದು ಈ ಮಣ್ಣಿನ ಎಲ್ಲ ಮನೆಗಳ ಸಮ್ಮತವಾದ ಧರ್ಮ.

ಈ ಮಣ್ಣೆಂದೆವಲ್ಲ, ಅದರ ಗುಣವನ್ನೂ ತಿಳಿದಿರಬೇಕು. ನಮ್ಮ ಕರಾವಳಿಯಲ್ಲಿ ವರುಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ನಾಲ್ಕೇ ತಿಂಗಳುಗಳಲ್ಲಿ. ಆ ನೀರು ಮಣ್ಣಿನ ಸಾರವನ್ನು ತೊಳೆದು ಸಮುದ್ರಕ್ಕೊಯ್ಯುತ್ತದೆ. ಉಳಿಯುವುದು ಹುಳಿಗುಣದ ಕೆಂಪು ಮುರಮಣ್ಣು. ಆದುದರಿಂದಲೇ ನಮ್ಮ ಹಿರಿಯರು ಒಲೆಯ ಬೂದಿಯನ್ನು ಎಸೆಯುತ್ತಿರಲಿಲ್ಲ. ಅದು ಹುಳಿಯನ್ನು ತಗ್ಗಿಸುತ್ತದೆ. ತರಗೆಲೆ ಕೂಡಿಸಿ ಸುಡುಮಣ್ಣು ಮಾಡುತ್ತಿದ್ದರು. ಹಟ್ಟಿಗೊಬ್ಬರವನ್ನು ಬುಟ್ಟಿಯಲ್ಲಿ ಹೊರುತ್ತಿದ್ದರು. ಬಚ್ಚಲ ನೀರನ್ನು ಬಾಳೆಗೂ ಕೆಸುವಿಗೂ ತಿರುಗಿಸುತ್ತಿದ್ದರು. ಸೌತೆಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಅಡ್ಡಗಳಿಗೆ ತೂಗಹಾಕಿ, ಮಳೆಗಾಲದ ಕಷ್ಟದ ದಿನಗಳಿಗೆಂದು ಕಾಪಾಡುತ್ತಿದ್ದರು. ಹಲಸಿನ ತೊಳೆಯನ್ನು ಉಪ್ಪಿನಲ್ಲಿ ಹಾಕಿಡುತ್ತಿದ್ದರು. ಆಟಿ ತಿಂಗಳಲ್ಲಿ ಕೂಲಿಯಿಲ್ಲದ ಮನೆಗೆ ಆ ಉಪ್ಪಿನ ಭರಣಿಯೇ ಬ್ಯಾಂಕು.

ನಮ್ಮ ಹಿತ್ತಿಲಿನಲ್ಲಿರುವುದೆಲ್ಲವೂ ನಮ್ಮದೇ ಎಂಬ ಅಹಂಕಾರ ಬೇಡ. ಮೆಣಸಿನಕಾಯಿ, ಗೇರು, ಪಪ್ಪಾಯಿ, ಅನಾನಸು, ಪೇರಳೆ, ಗೆಣಸು ಇವೆಲ್ಲವೂ ಅಮೆರಿಕ ಖಂಡದಿಂದ ಕಡಲು ದಾಟಿ, ಪೋರ್ತುಗೀಸರ ಕಾಲದಲ್ಲಿ ನಮ್ಮ ದಡ ಸೇರಿದವು. ಬಸಳೆಯ ಬಳ್ಳಿ ಯಾರ ಮನೆಯಿಂದ ಯಾರ ಮನೆಗೆ ಬಂತೆಂದು ಯಾರೂ ಲೆಕ್ಕವಿಟ್ಟಿಲ್ಲ. ಒಂದು ಗೇಣು ದಂಟನ್ನು ಮುರಿದು ಕೊಟ್ಟರೆ ಇನ್ನೊಂದು ಚಪ್ಪರ ಹಬ್ಬಿತು, ಅಷ್ಟೆ. ದೀಗುಜ್ಜೆಯ ಮರವನ್ನೇ ನೋಡಿ. ನಮ್ಮಲ್ಲಿ ಬೆಳೆಯುವ ದೀಗುಜ್ಜೆಗೆ ಬೀಜವಿಲ್ಲ. ಅದರ ಬೇರಿನಿಂದ ಮರಿ ಎದ್ದರೆ, ಅದನ್ನು ಕಿತ್ತು ಕೊಡುವ ಮನಸ್ಸಿದ್ದರೆ ಮಾತ್ರ ಇನ್ನೊಂದು ಮರ. ಈ ಊರಿನಲ್ಲಿ ನಿಂತಿರುವ ಪ್ರತಿಯೊಂದು ದೀಗುಜ್ಜೆಯೂ ಯಾರೋ ಒಬ್ಬರು ಯಾರೋ ಇನ್ನೊಬ್ಬರಿಗೆ ಕೊಟ್ಟದ್ದು. ನಮ್ಮ ಎತ್ತರದ ತಳಿಯ ತೆಂಗಿನಲ್ಲಿಯೂ ಹಾಗೆಯೇ. ಒಂದು ಗೊನೆಯ ಗಂಡುಹೂಗಳು ಉದುರಿದ ಮೇಲೆಯೇ ಸಾಮಾನ್ಯವಾಗಿ ಅದೇ ಗೊನೆಯ ಹೆಣ್ಣುಹೂಗಳು ಅರಳುತ್ತವೆ. ಕಾಯಿ ಕಟ್ಟಲು ಬೇರೆ ಮರದ ಪರಾಗವೇ ಬೇಕು. ನಮ್ಮ ಅಂಗಳದ ತೆಂಗು ನೆರೆಮನೆಯ ತೆಂಗಿಗೆ ಋಣಿ. ಬೇಲಿ ನಮ್ಮದು, ಗಾಳಿಯೂ ಜೇನೂ ದೇವರವು.

ಈ ಬದುಕು ಏಕೆ ಬದಲಾಯಿತು? ದೂಷಣೆಯಿಲ್ಲದೆ ವಿಚಾರಿಸೋಣ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿದಾರರನ್ನು ಒಡೆಯರನ್ನಾಗಿಸುವ ದಾರಿ ತೆರೆಯಿತು. ತಲೆಮಾರುಗಳಿಂದ ಬೆವರು ಸುರಿಸಿದವನಿಗೆ ಮಣ್ಣು ದಕ್ಕಿದ್ದು ನ್ಯಾಯವೇ. ಆದರೆ ಡಿಕ್ಲರೇಶನ್ ಹಾಕಿದವರಿಗೂ ಹಾಕಿಸಿಕೊಂಡವರಿಗೂ ನಡುವೆ ಬಿದ್ದ ಬೇಲಿ ಹಲವೆಡೆ ಇನ್ನೂ ನಿಂತಿದೆ. ಆಮೇಲೆ ಮುಂಬಯಿ, ಆಮೇಲೆ ಕೊಲ್ಲಿ ರಾಷ್ಟ್ರಗಳು, ಈಗ ಇಸ್ರೇಲ್, ಕೆನಡಾ. ದುಡಿಯುವ ಕೈ ಹೋಯಿತು, ಹಣ ಬಂತು. ಗದ್ದೆ ಹಡಿಲು ಬಿದ್ದಿತು ಅಥವಾ ಅಡಿಕೆತೋಟವಾಯಿತು. ತರಕಾರಿ ಘಟ್ಟದ ಮೇಲಿನಿಂದ ಲಾರಿಯಲ್ಲಿ ಇಳಿಯತೊಡಗಿತು. ನಾಳೆ ಆಶೀರ್ವದಿಸುವ ತೆನೆಯನ್ನು ಕೂಡ ಈಗ ಕೆಲವು ವರುಷಗಳಿಂದ ನಾವು ಬೇರೊಂದು ಊರಿನ ರೈತರಿಂದ ತರಿಸುತ್ತಿದ್ದೇವೆ. ಈ ಮಾತನ್ನು ಹೇಳುವಾಗ ನಮಗೆ ನಾಚಿಕೆಯಾಗುತ್ತದೆ.

2020ರ ಮಾರ್ಚ್ 25ರಂದು ದೇಶವೇ ಬಾಗಿಲು ಮುಚ್ಚಿದಾಗ ಘಟ್ಟದ ಲಾರಿಗಳನ್ನು ನಂಬಿದ್ದ ನಮಗೆಲ್ಲ ಕಣ್ಣು ತೆರೆಯಿತು. ಹಣವಿದ್ದ ಮನೆಯಲ್ಲಿ ಸೊಪ್ಪಿರಲಿಲ್ಲ. ಹಣವಿಲ್ಲದ ಮನೆಯಲ್ಲಿ ಬಸಳೆಯ ಚಪ್ಪರವಿತ್ತು. ಆ ದಿನಗಳಲ್ಲಿ ಬಲಿಪೂಜೆಗೆ ಜನರಿರಲಿಲ್ಲ. ನಾವು ಬರಿದಾದ ದೇವಾಲಯದಲ್ಲಿ ಒಬ್ಬರೇ ಪೂಜೆಯನ್ನರ್ಪಿಸಿ ಹೊರಬಂದಾಗ, ಗುರುನಿವಾಸದ ಮೆಟ್ಟಿಲ ಮೇಲೆ ಒಂದು ಕಟ್ಟು ಅಲಸಂದೆ ಇರುತ್ತಿತ್ತು. ಯಾರಿಟ್ಟರೆಂದು ಬಹಳ ದಿನ ತಿಳಿಯಲಿಲ್ಲ. ತಿಳಿದಾಗ, ಇಟ್ಟವರು ಇಗರ್ಜಿಗೆ ಬರುವವರೇ ಅಲ್ಲ, ಕೆಳಗಿನ ಮನೆಯ ತುಳು ಕುಟುಂಬದ ಅಜ್ಜ. ಏಕೆಂದು ಕೇಳಿದರೆ, “ನಿಮ್ಮ ಗಂಟೆ ಕೇಳುತ್ತದೆ ಸ್ವಾಮೀ, ಒಳಗೆ ಒಬ್ಬರು ಇದ್ದಾರೆಂದು ಗೊತ್ತಾಗುತ್ತದೆ” ಎಂದರು.

ಈಗ ನಮ್ಮ ತಪ್ಪಿನ ಕಥೆಯನ್ನು ಹೇಳುತ್ತೇವೆ.

ಮೊದಲ ಬೆಳೆಯನ್ನು ಪೀಠದ ಬಳಿ ಅರ್ಪಿಸಿ, ಪೂಜೆಯ ನಂತರ ಅಂಗಳದಲ್ಲಿ ಏಲಂ ಮಾಡುವ ವಾಡಿಕೆ ನಮ್ಮಲ್ಲಿದೆ. ಅದರಲ್ಲಿ ದೋಷವಿಲ್ಲ, ಇಗರ್ಜಿಗೆ ಆದಾಯ, ಜನರಿಗೆ ಸಂತೋಷ. ನಾವು ಇಲ್ಲಿಗೆ ಬಂದ ಹೊಸತರಲ್ಲಿ ಆ ಏಲಂನ್ನು ಇನ್ನಷ್ಟು ಕಳೆಗಟ್ಟಿಸಬೇಕೆಂದು ಧ್ವನಿವರ್ಧಕ ತರಿಸಿ, ನಾವೇ ಮುಂದೆ ನಿಂತು ಪ್ರೋತ್ಸಾಹಿಸಿದೆವು. ಒಂದು ವರುಷ ಕೂಲಿಮಾಡುವ ಒಬ್ಬ ತಾಯಿ ತನ್ನ ಗುಡಿಸಲ ಬದಿಯ ಗಿಡದ ಮೊದಲ ಪಪ್ಪಾಯಿಯನ್ನು ತಂದಿದ್ದರು. ಇಬ್ಬರು ಅನುಕೂಲಸ್ಥರು ಹುರುಪಿನಿಂದ ಕೂಗಿ ಕೂಗಿ ಅದನ್ನು ಸಾವಿರಾರು ರೂಪಾಯಿಗೆ ಏರಿಸಿದರು. ಚಪ್ಪಾಳೆಯೋ ಚಪ್ಪಾಳೆ. ಮರುವರುಷ ಆ ತಾಯಿ ಏನನ್ನೂ ತರಲಿಲ್ಲ. ನಾವು ವಿಚಾರಿಸಿದಾಗ ಅವರು ತಲೆ ತಗ್ಗಿಸಿ ಹೇಳಿದರು: “ಫಾದರ್, ನನ್ನ ಮಕ್ಕಳೂ ಅದರ ಒಂದು ಹೋಳು ಸಿಗಬಹುದೆಂದು ನಿಂತಿದ್ದರು. ಅಷ್ಟು ದುಡ್ಡಿನ ಹಣ್ಣನ್ನು ಕೇಳುವುದು ಹೇಗೆ?”

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ದೇವರ ಪೀಠಕ್ಕೆ ಬಂದ ಹಣ್ಣು ಅಲ್ಲಿಂದ ಇಳಿದಾಗ ಬಡವರ ಕೈಗೆ ಎಟಕುವಂತಿರಬೇಕಲ್ಲವೇ? ನಾವು ಅದನ್ನು ಎಟಕದಷ್ಟು ಎತ್ತರಕ್ಕೇರಿಸಿದ್ದೆವು. ಕೊರಿಂಥದ ಕ್ರೈಸ್ತರು ಕೂಡಿ ಉಣ್ಣುವಾಗ ಉಳ್ಳವರು ಮೊದಲೇ ತಿಂದು ತೇಗಿ, ಇಲ್ಲದವರು ಹಸಿದು ನಿಲ್ಲುತ್ತಿದ್ದುದನ್ನು ಸಂತ ಪೌಲರು ಖಂಡಿಸಿದ ಅಧ್ಯಾಯವನ್ನು ನಾವು ಎಷ್ಟೋ ಬಾರಿ ಬೋಧಿಸಿದ್ದೆವು. ಅದು ನಮ್ಮ ಅಂಗಳದ ಕಥೆಯೂ ಹೌದೆಂದು ಅಂದು ಹೊಳೆಯಿತು.

ಪಾಲನಾ ಮಂಡಳಿಯೊಂದಿಗೆ ಆಲೋಚಿಸಿ, ಪ್ರತಿ ತಿಂಗಳ ಮೊದಲ ಆದಿತ್ಯವಾರ ದೇವಾಲಯದ ಪಡಸಾಲೆಯಲ್ಲಿ ಒಂದು ಉದ್ದನೆಯ ಮೇಜನ್ನಿರಿಸಿದೆವು. ಮನೆಯಲ್ಲಿ ಹೆಚ್ಚಾದದ್ದನ್ನು ತಂದಿಡಿ, ಬೇಕಾದವರು ಒಯ್ಯಿರಿ. ಹೆಸರಿಲ್ಲ, ಬೆಲೆಯಿಲ್ಲ, ಪಟ್ಟಿಯಿಲ್ಲ ಎಂದು ಸಾರಿದೆವು. ಮೊದಲ ಆದಿತ್ಯವಾರ ಮೇಜು ತುಂಬಿ ನೆಲಕ್ಕೂ ಹರಡಿತು. ನಮಗೆ ಹಿಗ್ಗು. ಆದರೆ ಪೂಜೆ ಮುಗಿದು ಗಂಟೆ ಕಳೆದರೂ ಒಯ್ದವರು ಯಾರೂ ಇಲ್ಲ! ಬೇಕಿದ್ದವರು ಬದಿಯ ಬಾಗಿಲಿನಿಂದ ಹೊರಟುಹೋಗಿದ್ದರು. ಮೇಜಿಗೆ ಕೈಚಾಚಿದರೆ ತಾನು ಬಡವನೆಂದು ಊರಿಗೆ ಸಾರಿದಂತೆ. ಸಂಜೆ ಹೊತ್ತಿಗೆ ಹರಿವೆ ಬಾಡಿತು. ಹಟ್ಟಿಯ ದನಗಳಿಗೆ ಹಾಕಿಸಬೇಕಾಯಿತು. ಎರಡನೆಯ ತಿಂಗಳೂ ಅದೇ ಗತಿ.

ಆಗ ನಮಗೆ ದಾರಿ ತೋರಿಸಿದವರು ಒಬ್ಬ ವೃದ್ಧ ಬಾಯಮ್ಮ. ಅವರ ಮಕ್ಕಳೆಲ್ಲ ಪರದೇಶದಲ್ಲಿ. ದೊಡ್ಡ ಮನೆ, ಕೆಲಸಕ್ಕೊಬ್ಬಳು, ಬೇಕಾದಷ್ಟು ಹಣ. ಹಿತ್ತಿಲಲ್ಲಿ ಅವರು ಸ್ವತಃ ನೀರೆರೆದ ಬಸಳೆ. ಮೇಜಿನ ಮೇಲೆ ಹಾಗೆಯೇ ಉಳಿದಿದ್ದ ತಮ್ಮ ಬಸಳೆಯ ಕಟ್ಟನ್ನು ನೋಡಿ ಅವರು ನಮ್ಮೊಡನೆ ಹೇಳಿದರು: “ಫಾದರ್, ನನಗೆ ದುಡ್ಡು ಕಳುಹಿಸುವವರು ಇದ್ದಾರೆ. ನನ್ನ ಬಸಳೆ ತಿನ್ನುವವರಿಲ್ಲ. ನೀವಾದರೂ ಒಯ್ಯಿರಿ.”

ನಾವು ಒಯ್ದೆವು. ಒಣ ಸಿಗಡಿ ಹಾಕಿ ಪದಾರ್ಥ ಮಾಡಿಸಿ ಉಂಡೆವು. ಮರುತಿಂಗಳು ಪೂಜೆಯ ನಂತರ ನಾವೇ ಮೊದಲು ಮೇಜಿನ ಬಳಿ ಹೋಗಿ, ಎಲ್ಲರ ಮುಂದೆ ಒಂದು ತುಂಡು ಕುಂಬಳ ಮತ್ತು ನಾಲ್ಕು ನಿಂಬೆಹಣ್ಣು ಎತ್ತಿಕೊಂಡೆವು. ನಮ್ಮ ಬಳಿಕ ಮಂಡಳಿಯ ಉಪಾಧ್ಯಕ್ಷರು, ಅವರ ಬಳಿಕ ಧರ್ಮಭಗಿನಿಯರು, ಶಾಲೆಯ ಅಧ್ಯಾಪಕರು. ಅಂದಿನಿಂದ ಒಂದೇ ನಿಯಮ: ತಂದವರೂ ತಾರದವರೂ, ಉಳ್ಳವರೂ ಇಲ್ಲದವರೂ, ಯಾರೂ ಬರಿಗೈಯಲ್ಲಿ ಮನೆಗೆ ಹೋಗಬಾರದು. ಎಲ್ಲರೂ ತೆಗೆದುಕೊಳ್ಳುವಲ್ಲಿ ಬಡವನ ಕೈಯನ್ನು ಗುರುತಿಸುವವರು ಯಾರು? ಹೊಲದ ಅಂಚನ್ನು ಬಿಟ್ಟುಬಿಡಬೇಕೆಂಬ ಮೋಶೆಯ ವಿಧಿಯ ಸೂಕ್ಷ್ಮ ನಮಗೆ ಅರ್ಥವಾದದ್ದು ಆ ದಿನ. ಕೊಡುವುದು ಸುಲಭ, ಬಾಂಧವರೇ. ತೆಗೆದುಕೊಳ್ಳುವುದಕ್ಕೆ ದೈನ್ಯ ಬೇಕು. ಕೊಡುವವನಷ್ಟೇ ಆಗಿರಲು ಬಯಸುವವನಲ್ಲಿ ಒಂದು ಗರ್ವ ಅಡಗಿದೆ. ಲೋಕವನ್ನೇ ಸೃಷ್ಟಿಸಿದವರು ಸಮಾರ್ಯದ ಹೆಂಗಸಿನೆದುರು ಕುಡಿಯಲು ನೀರು ಕೇಳಿದರು. ನಾವು ಬಸಳೆ ಕೇಳಲು ಏಕೆ ನಾಚಬೇಕು?

ಇನ್ನೊಂದು ಸಂಗತಿ, ಸಂಬಂಧಪಟ್ಟ ಎರಡೂ ಮನೆಯವರ ಒಪ್ಪಿಗೆಯಿಂದಲೇ ಹೇಳುತ್ತಿದ್ದೇವೆ. ಡಿಕ್ಲರೇಶನ್ನಿನ ಕಾಲದಿಂದ ನಮ್ಮ ವಿಚಾರಣೆಯ ಎರಡು ಕುಟುಂಬಗಳ ನಡುವೆ ಮಾತಿರಲಿಲ್ಲ. ತಂದೆಯರು ತೀರಿಕೊಂಡರು, ಮೌನ ಮಕ್ಕಳಿಗೆ ಆಸ್ತಿಯಾಗಿ ಬಂತು. ಮರಣದ ಮನೆಗೂ ಹೋಗುತ್ತಿರಲಿಲ್ಲ. ಬೇಸಗೆಯಲ್ಲಿ ಗದ್ದೆಯಲ್ಲಿ ಸೌತೆ ಬೆಳೆಯುವುದು ಈಗ ನಮ್ಮಲ್ಲಿ ಒಂದೇ ಮನೆ. ಅದು ಆ ಹಿಂದಿನ ಗೇಣಿದಾರರ ಮನೆ. ಅದು ಆ ವ್ಯಾಜ್ಯದ ಗದ್ದೆಯೇ. ಒಂದು ಆದಿತ್ಯವಾರ ಮೇಜಿನ ಮೇಲೆ ಸೌತೆಕಾಯಿಗಳಿದ್ದವು. ಹಿಂದಿನ ಒಡೆಯರ ಮಗ, ಎಪ್ಪತ್ತು ದಾಟಿದವರು, ಸರತಿಯಲ್ಲಿ ಬಂದು ಬಹಳ ಹೊತ್ತು ನಿಂತು, ಒಂದು ಸೌತೆಕಾಯಿಯನ್ನೆತ್ತಿ ಚೀಲಕ್ಕೆ ಹಾಕಿಕೊಂಡರು. ಹೆಸರು ಬರೆದಿರಲಿಲ್ಲ ನಿಜ; ಆದರೆ ಅದು ಯಾವ ಗದ್ದೆಯ ಕಾಯಿ ಎಂಬುದು ಅವರಿಗೂ ಗೊತ್ತಿತ್ತು, ನೋಡುತ್ತಿದ್ದವರೆಲ್ಲರಿಗೂ ಗೊತ್ತಿತ್ತು. ಮುಂದಿನ ತಿಂಗಳು ಅವರು ಹಲಸಿನ ಹಪ್ಪಳದ ಕಟ್ಟೊಂದನ್ನು ತಂದಿಟ್ಟರು. ಅದು ಯಾರ ಮನೆಗೆ ಹೋಯಿತೆಂದು ನಾವು ಹೇಳಬೇಕಿಲ್ಲ. ಇಂದಿಗೂ ಆ ಎರಡು ಮನೆಯವರು ಹೆಚ್ಚು ಮಾತನಾಡುವುದಿಲ್ಲ. ಆದರೆ ಕಳೆದ ವರುಷ ಒಂದು ಮನೆಯಲ್ಲಿ ಸಾವಾದಾಗ ಇನ್ನೊಂದು ಮನೆಯವರು ಶವಪೆಟ್ಟಿಗೆಗೆ ಹೆಗಲು ಕೊಟ್ಟರು.

ಆದುದರಿಂದ ಬಾಂಧವರೇ, ಇದು ಬರಿಯ ತರಕಾರಿಯ ಮಾತಲ್ಲ.

ಆದರೆ ತರಕಾರಿಯಿಲ್ಲದೆ ಮೇಜಿಲ್ಲ. ಆದಕಾರಣ ಕೆಲವು ವ್ಯಾವಹಾರಿಕ ಮಾತುಗಳು. ಬಾಗಿಲ ಬಳಿ ಮೂರು ಹೆಜ್ಜೆ ಜಾಗವಿದ್ದವರು ಬಸಳೆಯ ದಂಟನ್ನು ನೆಡಿರಿ. ಮೂರು ನಾಲ್ಕು ಗಂಟುಗಳಿರುವ ತುಂಡು ಸಾಕು, ಎರಡು ತಿಂಗಳೊಳಗೆ ಪದಾರ್ಥಕ್ಕೆ ದೊರೆಯುತ್ತದೆ. ಹರಿವೆಯ ಬೀಜ ಬಹಳ ಸಣ್ಣದು, ಮರಳಿನೊಂದಿಗೆ ಬೆರೆಸಿ ಬಿತ್ತಿರಿ. ಒಂದು ತಿಂಗಳಲ್ಲಿ ಕೀಳಬಹುದು. ಮುಂಗಾರಿನ ಮೊದಲ ಮಳೆಗೆ ಹೀರೆ, ಪಡವಲ, ಅಲಸಂದೆ, ಬೆಂಡೆ. ಬುಡದಲ್ಲಿ ನೀರು ನಿಲ್ಲದಂತೆ ಮಣ್ಣನ್ನು ಏರಿಸಿರಿ. ಮಳೆ ಬಿಟ್ಟ ಮೇಲೆ ಬದನೆ, ಹರಿವೆ, ಸೌತೆ, ಕುಂಬಳ. ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿದವರು ತಾರಸಿಯ ಮೇಲೆ ಚೀಲದಲ್ಲಿ ಬೆಳೆಯಬಹುದು. ಪ್ರತಿ ಬಳ್ಳಿಯ ಒಳ್ಳೆಯ ಒಂದು ಕಾಯಿಯನ್ನು ಬೀಜಕ್ಕೆಂದು ಬಲಿಯಲು ಬಿಡಿ. ಬೀಜವನ್ನು ಬೂದಿಯಲ್ಲಿ ಹೊರಳಿಸಿ ಒಣಗಿಸಿ ಇಡಿ, ಅದರಲ್ಲಿ ಅರ್ಧವನ್ನು ಇನ್ನೊಬ್ಬರಿಗೆ ಕೊಡಿ. ನಿಮ್ಮ ಮನೆಯಲ್ಲಿ ತಳಿ ನಶಿಸಿದರೆ ಅವರ ಮನೆಯಲ್ಲಿ ಉಳಿದಿರುತ್ತದೆ. ಉಡುಪಿಯ ಬಳಿಯ ಮಟ್ಟು ಗ್ರಾಮದ ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಆ ಮಾನ್ಯತೆಯ ಹಿಂದೆ ಇರುವುದು ತಲೆತಲಾಂತರದಿಂದ ಬೀಜವನ್ನು ಕಾಪಾಡಿಕೊಂಡು ಬಂದ ರೈತಮನೆಗಳು.

ಮಂಗ ಬರುತ್ತದೆ, ನವಿಲು ಬರುತ್ತದೆ, ಹಂದಿ ಬರುತ್ತದೆ ಎಂದು ನೀವು ಹೇಳುವಿರಿ. ಅದು ಸುಳ್ಳಲ್ಲ; ಗುರುನಿವಾಸದ ಪಪ್ಪಾಯಿಯನ್ನು ನಾವು ಕಣ್ಣಿನಿಂದ ಮಾತ್ರ ಉಂಡ ವರುಷಗಳೂ ಇವೆ. ಒಂದೊಂದೇ ಮನೆ ಬೆಳೆದರೆ ಮಂಗಗಳೆಲ್ಲ ಅಲ್ಲಿಗೇ. ಹತ್ತು ಮನೆ ಬೆಳೆದರೆ ನಷ್ಟವೂ ಹಂಚಿಹೋಗುತ್ತದೆ, ಕಾಯುವ ಕಣ್ಣುಗಳೂ ಹೆಚ್ಚುತ್ತವೆ. ಕೆಸು, ಸುವರ್ಣಗೆಡ್ಡೆ, ಅರಸಿನ, ಶುಂಠಿಗಳನ್ನು ಮಂಗ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಸಮಯವಿಲ್ಲವೆನ್ನುವವರಿಗೆ ನಮ್ಮಲ್ಲಿ ಉತ್ತರವಿಲ್ಲ. ಜಪಸರಕ್ಕೂ ಸಮಯವಿಲ್ಲವೆಂದು ಅವರೇ ಹೇಳುವುದನ್ನು ಕೇಳಿದ್ದೇವೆ. ಒಂದು ಕೈಯಲ್ಲಿ ಜಪಸರ, ಇನ್ನೊಂದು ಕೈಯಲ್ಲಿ ನೀರಿನ ಚೊಂಬು ಹಿಡಿದರೆ ಎರಡೂ ನೆರವೇರುತ್ತವೆ.

ಒಂದು ಎಚ್ಚರಿಕೆಯನ್ನೂ ಹೇಳುತ್ತೇವೆ. ಕೈತೋಟದಿಂದ ನಾಡಿನ ಹಸಿವೆಲ್ಲ ನೀಗುತ್ತದೆಂದು ನಾವು ಹೇಳುವುದಿಲ್ಲ. ನಿಜವಾಗಿ ಕಷ್ಟದಲ್ಲಿರುವ ಮನೆಗೆ ನ್ಯಾಯವಾದ ಕೂಲಿ ಬೇಕು, ಔಷಧಿ ಬೇಕು, ಮಕ್ಕಳ ವಿದ್ಯಾಭ್ಯಾಸಕ್ಕೆ ನೆರವು ಬೇಕು. ತಿಂಗಳಿಗೊಮ್ಮೆ ಸೌತೆಕಾಯಿಯನ್ನಿಟ್ಟು, ತೋಟದ ಕೆಲಸದವನ ಕೂಲಿಯನ್ನು ಹಿಡಿದಿಡುವ ಯಜಮಾನನ ಕಾಣಿಕೆ ಪೀಠಕ್ಕೆ ಹಿತವಾದದ್ದಲ್ಲ. ಪ್ರವಾದಿಗಳು ಈ ಮಾತನ್ನು ನಮಗಿಂತ ಕಟುವಾಗಿ ಹೇಳಿದ್ದಾರೆ. ಮೇಜು ನ್ಯಾಯಕ್ಕೆ ಬದಲಲ್ಲ. ಆದರೆ ಒಂದೇ ಮೇಜಿನಿಂದ ತೆಗೆದುಕೊಂಡವರು ಒಬ್ಬರಿಗೊಬ್ಬರು ಅನ್ಯಾಯ ಮಾಡುವುದು ಸ್ವಲ್ಪ ಕಷ್ಟವಾಗುತ್ತದೆಂಬುದು ನಮ್ಮ ಅನುಭವ.

ಬಲಿಪೂಜೆಯಲ್ಲಿ ಕಾಣಿಕೆಯನ್ನರ್ಪಿಸುವಾಗ ಗುರು ಏನು ಮಾಡುತ್ತಾನೆಂಬುದನ್ನು ನೆನೆಯಿರಿ. ಭೂಮಿ ಕೊಟ್ಟ, ಮನುಷ್ಯರ ಕೈ ದುಡಿದ ರೊಟ್ಟಿಗಾಗಿ ದೇವರನ್ನು ಸ್ತುತಿಸುತ್ತಾನೆ. ಗೋಧಿ ಇನ್ನೆಲ್ಲಿಯೋ ಬೆಳೆದದ್ದು. ಆದರೆ ಆ ಕ್ಷಣದಲ್ಲಿ ಈ ಊರಿನ ದುಡಿಮೆಯೆಲ್ಲವೂ ಆ ತಟ್ಟೆಯಲ್ಲಿರಬೇಕು. ಐದು ಸಾವಿರ ಜನರಿಗೆ ಉಣಬಡಿಸುವ ಮುನ್ನ ಪ್ರಭು ಒಬ್ಬ ಹುಡುಗನ ಬಳಿಯಿದ್ದ ಐದು ಜವೆಗೋಧಿಯ ರೊಟ್ಟಿಗಳನ್ನೂ ಎರಡು ಮೀನುಗಳನ್ನೂ ತೆಗೆದುಕೊಂಡರು. ಅವರಿಗೆ ಬರಿಗೈಯಿಂದಲೂ ಸಾಧ್ಯವಿತ್ತು. ಆದರೂ ಹುಡುಗನ ಬುತ್ತಿಯಿಂದಲೇ ಆರಂಭಿಸಿದರು. ಕೊನೆಯಲ್ಲಿ ಉಳಿದ ತುಂಡುಗಳನ್ನು ಹಾಳುಮಾಡದೆ ಕೂಡಿಸುವಂತೆ ಹೇಳಿದರು.

ನಮ್ಮ ಇಗರ್ಜಿಯ ಎರಡನೆಯ ಶತಮಾನಕ್ಕೆ ನಾವು ಯಾವ ಹೊಸ ಗೋಪುರವನ್ನೂ ಕೇಳುವುದಿಲ್ಲ. ಮೂರು ಕೋರಿಕೆಗಳು ಮಾತ್ರ. ದೇವಾಲಯದ ಹಿಂದೆ ಹಡಿಲು ಬಿದ್ದಿರುವ ಅರ್ಧ ಎಕರೆ ಗದ್ದೆಯನ್ನು ಮುಂದಿನ ಮಳೆಗಾಲದಲ್ಲಿ ಎಲ್ಲರೂ ಕೂಡಿ ಏಣಿಲು ಬೆಳೆಗೆ ಉಳೋಣ. ಮುಂದಿನ ತೆನೆಹಬ್ಬದ ತೆನೆ ನಮ್ಮ ಗದ್ದೆಯದಾಗಿರಲಿ. ಈ ವರುಷ ಪ್ರಥಮ ಪರಮ ಪ್ರಸಾದ ಸ್ವೀಕರಿಸುವ ಪ್ರತಿಯೊಂದು ಮಗುವೂ ಒಂದು ಗಿಡವನ್ನು ನೆಟ್ಟು ಬೆಳೆಸಲಿ. ಮೂರನೆಯದಾಗಿ, ನಿಮ್ಮ ಮನೆಯ ಎಡಕ್ಕೂ ಬಲಕ್ಕೂ ಇರುವ ಮನೆಗಳಲ್ಲಿ ಯಾವುದರೊಂದಿಗೆ ನಿಮಗೆ ಮಾತಿಲ್ಲವೋ, ಆ ಮನೆಯಿಂದ ಏನಾದರೊಂದನ್ನು ಕೇಳಿ ಪಡೆಯಿರಿ. ಕೊಡಲು ಹೋಗಬೇಡಿ, ಮೊದಲು ಕೇಳಿರಿ. ಒಂದು ಗೇಣು ಬಸಳೆಯ ದಂಟಾದರೂ ಸಾಕು.

ಆ ಪಪ್ಪಾಯಿಯ ತಾಯಿ ಈಗ ಪ್ರತಿ ತಿಂಗಳೂ ಮೇಜಿಗೆ ಬರುತ್ತಾರೆ. ಕಳೆದ ತಿಂಗಳು ಅವರು ತಂದ ಹಣ್ಣನ್ನು ಅಲ್ಲಿಯೇ ಹೋಳುಮಾಡಿ ಮಕ್ಕಳಿಗೆಲ್ಲ ಹಂಚಿದರು. ನಮಗೂ ಒಂದು ಹೋಳು ಸಿಕ್ಕಿತು. ಅದಕ್ಕೆ ಯಾರೂ ಬೆಲೆ ಕೂಗಲಿಲ್ಲ.

ಮಾತೆ ಮರಿಯಮ್ಮನವರು ನಮ್ಮ ಹೊಲ ಹಿತ್ತಿಲುಗಳನ್ನೂ, ದೂರದಲ್ಲಿರುವ ನಮ್ಮ ಮಕ್ಕಳನ್ನೂ, ನೆರೆಕರೆಯ ಎಲ್ಲ ಮನೆಗಳನ್ನೂ ಕಾಪಾಡಲಿ. ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ. ನಾಳೆ ಬೆಳಗ್ಗೆ ತೆನೆಯೊಂದಿಗೆ ಭೇಟಿಯಾಗೋಣ.